ಸತ್ತವರ ಲೆಕ್ಕ, ಮನೆಯ ಲೆಕ್ಕ

ಗೆಟಿಸ್‌ಬರ್ಗ್ ಕದನದಲ್ಲಿ 51,000 ಜನ ಸತ್ತರು ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅಮೆರಿಕದ ಅಂತರ್ಯುದ್ಧದ ಆ ಕದನ ನಡೆದದ್ದು 1863ರ ಜುಲೈ 1ರಿಂದ 3ರವರೆಗೆ, ಪೆನ್ಸಿಲ್ವೇನಿಯಾದ ಒಂದು ಪುಟ್ಟ ಊರಿನಲ್ಲಿ. 51,000 ಎಂಬುದು ಎರಡೂ ಕಡೆಯ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲರನ್ನೂ ಕೂಡಿಸಿದ ಅಂದಾಜು. ಹಾಲಿನ ಬಾಕಿ, ಶಾಲೆಯ ಫೀಸು, ಕೈಸಾಲ ಎಲ್ಲವನ್ನೂ ಕೂಡಿಸಿ ಬಂದ ಮೊತ್ತವನ್ನು ‘ಹಾಲಿನ ಬಾಕಿ’ ಎಂದು ಯಾವ ಗೃಹಿಣಿಯಾದರೂ ಬರೆದಾಳೆ?

ಉತ್ತರದ ಸೈನ್ಯದ ಪಟ್ಟಿಯಲ್ಲಿ ಸತ್ತವರು 3,155. ಗಾಯಾಳುಗಳು 14,500ಕ್ಕೂ ಹೆಚ್ಚು. ಆದರೆ ಗುಂಡೇಟು ತಿಂದು, ಯಾವುದೋ ಕೊಟ್ಟಿಗೆಯಲ್ಲಿ ನರಳಿ ಎರಡು ವಾರದ ಮೇಲೆ ಪ್ರಾಣ ಬಿಟ್ಟವನೂ ಆ ಪಟ್ಟಿಯಲ್ಲಿ ಗಾಯಾಳುವೇ. ದಕ್ಷಿಣದ ಲೆಕ್ಕ ಇನ್ನೂ ಸಡಿಲ. ಸಣ್ಣಪುಟ್ಟ ಗಾಯಗಳನ್ನು ಪಟ್ಟಿಗೆ ಸೇರಿಸಬಾರದೆಂದು ಜನರಲ್ ಲೀ ಆ ಮೇ ತಿಂಗಳಲ್ಲೇ ಆಜ್ಞೆ ಮಾಡಿದ್ದ. ಅವನ ಕಡೆಯವರು ಒಪ್ಪಿಕೊಂಡ ನಷ್ಟ ಸುಮಾರು 20,000. ಇತಿಹಾಸಕಾರರು ಹೇಳುವುದು 23,000ದಿಂದ 28,000.

‘ಎಂದೋ ನಡೆದ ಯುದ್ಧ, ಒಂದಿಷ್ಟು ಹೆಚ್ಚು ಕಡಿಮೆಯಾದರೆ ಏನಂತೆ? ಯುದ್ಧ ಕೆಟ್ಟದ್ದೆನ್ನಲು ದೊಡ್ಡ ಸಂಖ್ಯೆಯೇ ಒಳ್ಳೆಯದಲ್ಲವೆ?’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾಲು ಕತ್ತರಿಸಿಕೊಂಡು ಮನೆಗೆ ಮರಳಿದವನನ್ನು ಸತ್ತವರ ಸಾಲಿಗೆ ಸೇರಿಸಿದರೆ, ಅವನನ್ನು ಜೀವಮಾನವಿಡೀ ನೋಡಿಕೊಂಡ ಹೆಂಡತಿಯ ದುಡಿಮೆಯನ್ನೂ ಅಳಿಸಿದಂತೆ. ಸಂಖ್ಯೆ ದೊಡ್ಡದಾಗುತ್ತದೆ, ಸತ್ಯ ಚಿಕ್ಕದಾಗುತ್ತದೆ.

ಇನ್ನು ಈ 51,000ದಲ್ಲಿ ಸೇರದವರು? ಜುಲೈ 3ರ ಬೆಳಗ್ಗೆ ಅಡುಗೆಮನೆಯಲ್ಲಿ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದ ಇಪ್ಪತ್ತು ವರ್ಷದ ಜೆನ್ನಿ ವೇಡ್, ಬಾಗಿಲು ತೂರಿಬಂದ ಗುಂಡಿಗೆ ಬಲಿಯಾದಳು. ಅವಳು ಸೈನಿಕಳಲ್ಲ, ಹಾಗಾಗಿ ಸೈನ್ಯದ ಪಟ್ಟಿಯಲ್ಲಿ ಅವಳಿಲ್ಲ. ಸ್ಮಶಾನದ ಮೇಲ್ವಿಚಾರಕ ಯುದ್ಧಕ್ಕೆ ಹೋಗಿದ್ದ. ಆರು ತಿಂಗಳ ಗರ್ಭಿಣಿಯಾಗಿದ್ದ ಅವನ ಹೆಂಡತಿ ಎಲಿಜಬೆತ್ ಥಾರ್ನ್, ಮುದಿ ತಂದೆಯೊಡನೆ ಆ ಜುಲೈ ಬಿಸಿಲಿನಲ್ಲಿ ಗುಂಡಿ ತೋಡಿ ನೂರರಷ್ಟು ಹೆಣಗಳನ್ನು ಮಣ್ಣು ಮಾಡಿದಳು. ಅವಳ ಬೆವರು ಯಾವ ಕಲಮಿಗೆ ಸೇರುತ್ತದೆ?

ಇಡೀ ಯುದ್ಧದಲ್ಲಿ ಮಡಿದ ಸೈನಿಕರು 6,20,000 ಎಂದು ನೂರು ವರ್ಷಕ್ಕೂ ಮೀರಿ ಎಲ್ಲರೂ ನಂಬಿದ್ದರು. 2011ರಲ್ಲಿ ಡೇವಿಡ್ ಹ್ಯಾಕರ್ ಎಂಬ ಇತಿಹಾಸಕಾರ ಸೈನ್ಯದ ಕಡತ ಬದಿಗಿಟ್ಟು ಜನಗಣತಿಯ ಪುಸ್ತಕ ತೆರೆದ. ಯುದ್ಧಕ್ಕೆ ಮುಂಚೆ ಮನೆಗಳಲ್ಲಿದ್ದ ಗಂಡಸರಲ್ಲಿ ಆಮೇಲೆ ಎಷ್ಟು ಜನ ಇಲ್ಲವೆಂದು ಲೆಕ್ಕ ಹಾಕಿದ. ಮೊತ್ತ ಸುಮಾರು 7,50,000ಕ್ಕೆ ಏರಿತು. ಇದೂ ಅಂದಾಜೇ, ಆದರೆ ಮನೆಯ ಕಡೆಯಿಂದ ಮಾಡಿದ ಅಂದಾಜು. ಒಂದು ಲಕ್ಷಕ್ಕೂ ಮೀರಿದ ಸಾವುಗಳು ಸರ್ಕಾರದ ಕಡತಕ್ಕೆ ಸಿಕ್ಕಿರಲಿಲ್ಲ. ಬಾರದವನಿಗಾಗಿ ಕಾದ ತಾಯಂದಿರಿಗೆ ಮಾತ್ರ ಅವು ಗೊತ್ತಿದ್ದವು.

ಆದ್ದರಿಂದ ಯಾವ ಯುದ್ಧದ ಸಂಖ್ಯೆ ಓದಿದರೂ ಎರಡು ಪ್ರಶ್ನೆ ಕೇಳಿ: ಎಣಿಸಿದವರು ಯಾರು? ಬಿಟ್ಟದ್ದು ಯಾರನ್ನು? ಸೇನಾಧಿಪತಿ ಎಣಿಸುವುದು ನಾಳೆ ಕಾದಾಡಲು ಎಷ್ಟು ಜನ ಉಳಿದರೆಂದು. ಊಟಕ್ಕೆ ಎಷ್ಟು ತಟ್ಟೆ ಕಡಿಮೆಯಾಯಿತೆಂದು ಎಣಿಸುವವಳು ಬೇರೆ. ಅವಳ ಲೆಕ್ಕವನ್ನೂ ಇತಿಹಾಸವೆಂದು ಒಪ್ಪುವವರೆಗೆ ನನ್ನ ಸಿಟ್ಟು ಇಳಿಯುವುದಿಲ್ಲ.