‘ಹೆಚ್ಚಿಸಬೇಕೇ?’ ಅಂದರೆ ತೆರಿಗೆ ಏರಿತೋ, ಇಳಿಯಿತೋ?

ಕಂದಿಕೆರೆ ಪಂಚಾಯ್ತಿಯಲ್ಲಿ ಮನೆ ಕಂದಾಯ ಕಟ್ಟಿದವರು ರಸೀದಿಯನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಇಡುತ್ತಾರೆ. ಓದುವವರು ಕಡಿಮೆ. ಓದಿದರೂ ಅರ್ಥವಾಗಬೇಕಲ್ಲ! ಕಂದಾಯದ ಬೆನ್ನಿಗೆ ಆರೋಗ್ಯ, ಶಿಕ್ಷಣ, ಗ್ರಂಥಾಲಯ, ಭಿಕ್ಷುಕರು ಎಂದು ಉಪಕರಗಳ ಸಾಲು. ಇದು ಬೇಕೋ ಬೇಡವೋ ಎಂದು ಇಲ್ಲಿ ಯಾರೂ ಓಟು ಕೇಳುವುದಿಲ್ಲ.

ಓಟು ಕೇಳುವ ಕಡೆಯಾದರೂ ಸುಖ ಉಂಟೇ? ಅಮೆರಿಕದ ಟೆಕ್ಸಾಸ್ ರಾಜ್ಯವನ್ನು ನೋಡಿ. ಡಲ್ಲಾಸ್, ಹೂಸ್ಟನ್, ಆಸ್ಟಿನ್‌ಗಳಲ್ಲಿ ಕನ್ನಡದ ಕುಟುಂಬಗಳೂ ನೆಲೆಸಿವೆ. ಅಲ್ಲಿ ಶಾಲೆಗಳ ದೊಡ್ಡ ಆದಾಯವೇ ಮನೆ, ಜಾಗದ ಮೇಲಿನ ತೆರಿಗೆ. 2025ರ ನವೆಂಬರ್ 4ರಂದು ಮತದಾರರ ಮುಂದೆ ಒಟ್ಟು 17 ಪ್ರಶ್ನೆಗಳು ಬಂದವು. 13ನೆಯದರ ಸಾರ ಹೀಗೆ: ವಾಸದ ಮನೆಗೆ ಶಾಲಾ ತೆರಿಗೆಯಲ್ಲಿರುವ ವಿನಾಯಿತಿಯನ್ನು 1 ಲಕ್ಷ ಡಾಲರ್‌ನಿಂದ 1 ಲಕ್ಷ 40 ಸಾವಿರ ಡಾಲರ್‌ಗೆ ಹೆಚ್ಚಿಸುವ ತಿದ್ದುಪಡಿಗೆ ನೀವು ಪರವೋ, ವಿರುದ್ಧವೋ?

‘ಹೆಚ್ಚಿಸುವ’, ‘ತೆರಿಗೆ’ ಎರಡೂ ಒಂದೇ ಸಾಲಿನಲ್ಲಿ. ಅವಸರದಲ್ಲಿ ಓದಿದವನ ಎದೆ ಧಸಕ್ಕೆನ್ನದೆ ಇದ್ದೀತೆ? ಆದರೆ ಹೆಚ್ಚುವುದು ತೆರಿಗೆಯಲ್ಲ, ವಿನಾಯಿತಿ. ತೆಂಗಿನ ಲೆಕ್ಕದಲ್ಲೇ ಹೇಳುವುದಾದರೆ, 300 ಕಾಯಿಯಲ್ಲಿ ಮೊದಲು 100 ಬಿಟ್ಟು 200ಕ್ಕೆ ಸುಂಕ ಹಾಕುತ್ತಿದ್ದರು. ಇನ್ನು 140 ಬಿಟ್ಟು 160ಕ್ಕೆ ಮಾತ್ರ. ಪ್ರಸ್ತಾಪ ಗೆದ್ದಿತು.

ಹಾಗಾದರೆ ಶಾಲೆಗೆ ಖೋತಾ ಆಗುವ ದುಡ್ಡು? ರಾಜ್ಯದ ಖಜಾನೆ ತುಂಬಿಕೊಡುವ ಏರ್ಪಾಡು ಮಾಡಿದ್ದಾರೆ. ಖಜಾನೆಯ ದುಡ್ಡೂ ಜನರದ್ದೇ. ಬಾಡಿಗೆ ಮನೆಯವನಿಗೆ ಈ ವಿನಾಯಿತಿ ಇಲ್ಲ, ಅಂಗಡಿ ಮಳಿಗೆಗೂ ಇಲ್ಲ. ಸ್ವಂತ ಮನೆ ಇದ್ದರೂ ಪೌರತ್ವ ಸಿಗದ ನಮ್ಮ ಹುಡುಗರಿಗೆ ಓಟೇ ಇಲ್ಲ. ಓಟಿನ ಚೀಟಿಯ ಆ ಒಂದು ಸಾಲಿನಲ್ಲಿ ಇದ್ಯಾವುದೂ ಇರಲಿಲ್ಲ.

ಇದೇ ರಾಜ್ಯದ ಇನ್ನೊಂದು ತಮಾಷೆ. ಶಾಲೆಗಳು ಕಟ್ಟಡಕ್ಕೆ ಸಾಲ ಎತ್ತಲು ಜನರ ಒಪ್ಪಿಗೆ ಕೇಳುವಾಗ, ‘ಇದು ಆಸ್ತಿ ತೆರಿಗೆ ಏರಿಕೆ’ ಎಂದು ದಪ್ಪಕ್ಷರದಲ್ಲಿ ನಮೂದಿಸಬೇಕೆಂದು 2019ರಲ್ಲಿ ಕಾನೂನು ಮಾಡಿದರು. ತೆರಿಗೆ ದರ ಒಂದು ಕಾಸೂ ಏರದಿದ್ದರೂ ಆ ಸಾಲು ಕಡ್ಡಾಯ! ತೆರಿಗೆ ಇಳಿಸುವಾಗ ‘ಹೆಚ್ಚಿಸು’, ದರ ಏರದಿದ್ದಾಗ ‘ಏರಿಕೆ’. ಮಾತು ಬರೆಯುವವನ ಕೈಯಲ್ಲಿ ಅರ್ಧ ಓಟು ಇರುತ್ತದೆ ಎಂಬುದು ಇದಕ್ಕೇ.

ನಮ್ಮಲ್ಲಿ ಓಟಿನ ಚೀಟಿ ಇಲ್ಲ, ರಸೀದಿ ಇದೆ. ಗ್ರಂಥಾಲಯ ಉಪಕರ 1965ರ ಕಾನೂನಿನದು, ಕಂದಾಯದ ನೂರಕ್ಕೆ 6 ರೂಪಾಯಿ. ಭಿಕ್ಷುಕರ ಉಪಕರ 1975ರದು, ನೂರಕ್ಕೆ 3. ಶಿಕ್ಷಣದ ಹೆಸರಿನಲ್ಲಿ ಎಷ್ಟು ಹೋಯಿತು, ಎಲ್ಲಿಗೆ ಹೋಯಿತು? ಕೇಳಿದರೆ ತಪ್ಪಿಲ್ಲ. ಐದು ರೂಪಾಯಿ ಸಾಮಾನಿಗೂ ಚೀಟಿ ಬರೆಸಿಕೊಳ್ಳುವ ಗಿರಾಕಿ, ಕಂದಾಯದ ಚೀಟಿಯನ್ನು ಮಾತ್ರ ಓದದೆ ಮಡಿಸುವುದೇಕೆ?

ಮುಂದಿನ ಗ್ರಾಮಸಭೆಗೆ ಹೋಗುವವರು ಹಳೇ ರಸೀದಿಯೊಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಲಿ. ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿಸಲಿ. ತಿಳಿಯುವ ಕನ್ನಡದಲ್ಲಿ ಉತ್ತರ ಕೊಡುವುದು ಪಂಚಾಯ್ತಿಯ ಕೆಲಸ. ಅಷ್ಟು ಕೇಳಲು ಯಾರ ವಿನಾಯಿತಿಯೂ ಬೇಡ.