ಎಪ್ಪತ್ತರಲ್ಲಿ ಕಾರು ಕಟ್ಟುವ ಮೇಷ್ಟ್ರು



ನಿವೃತ್ತ ಮೇಷ್ಟ್ರೊಬ್ಬ ಹೇಗೆ ದಿನ ಕಳೆಯಬೇಕೆಂಬುದನ್ನು ನಮ್ಮ ಸಮಾಜ ಎಂದೋ ತೀರ್ಮಾನಿಸಿಬಿಟ್ಟಿದೆ. ಬೆಳಗ್ಗೆ ವಾಯುವಿಹಾರ, ಮಧ್ಯಾಹ್ನ ದಿನಪತ್ರಿಕೆ, ಸಂಜೆ ಪ್ರವಚನ; ನಡುವೆ ವೇಳೆ ಮಿಕ್ಕರೆ ಮೊಮ್ಮಕ್ಕಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ ಇಳಿಸುವುದು. ಪ್ಲಾಸ್ಟಿಕ್ಕಿನ ಪುಟ್ಟ ಕಾರನ್ನು ತುಂಡುತುಂಡಾಗಿ ಜೋಡಿಸಿ ಬಣ್ಣ ಬಳಿಯುವುದಕ್ಕೆ ಈ ದಿನಚರಿಯಲ್ಲಿ ಸ್ಥಾನವಿಲ್ಲ. ಹೀಗಾಗಿ, ಬಾಲ್ಯದ ಆ ಹವ್ಯಾಸಕ್ಕೆ ನಾನು ಮರಳಿದ್ದೇನೆಂಬ ಸುದ್ದಿ ಹಬ್ಬಿದಾಗ "ಮೇಷ್ಟ್ರಿಗೆ ಅರಳು ಮರಳು" ಎಂದು ನಕ್ಕವರುಂಟು. ಇನ್ನು ಕೆಲವರು ನಗದೆ, ನಿಜವಾದ ಕಾಳಜಿಯಿಂದ, ಬೆಂಗಳೂರಿನಲ್ಲಿ ಮರೆವಿನ ಕಾಯಿಲೆಗೆ ಒಳ್ಳೆಯ ವೈದ್ಯರಿದ್ದಾರೆಂದು ನನ್ನ ಪತ್ನಿಗೆ ಫೋನು ಮಾಡಿ ತಿಳಿಸಿದರು! ಇವರೆಲ್ಲರಿಗೂ ಬಿಡಿಬಿಡಿಯಾಗಿ ಉತ್ತರಿಸುವ ತಾಳ್ಮೆ ನನಗಿಲ್ಲ. ಇಲ್ಲಿಯೇ ಒಟ್ಟಿಗೆ ಜಗಳಕ್ಕೆ ನಿಲ್ಲುತ್ತೇನೆ.

ಮೊದಲು ಕೆಲಸವೇನೆಂಬುದು ತಿಳಿಯಲಿ. ಪೆಟ್ಟಿಗೆ ತೆರೆದರೆ ಅದರಲ್ಲಿ ಕಾರು ಇರುವುದಿಲ್ಲ. ಎಲೆಯ ನಾಳಗಳಂತೆ ಕವಲೊಡೆದ ಪ್ಲಾಸ್ಟಿಕ್ಕಿನ ಚೌಕಟ್ಟುಗಳಿರುತ್ತವೆ. ಅವುಗಳಿಗೆ ಅಂಟಿಕೊಂಡು ಬಾಗಿಲು, ಚಕ್ರ, ಸ್ಟಿಯರಿಂಗು, ಆಸನಗಳು ನೇತಾಡುತ್ತಿರುತ್ತವೆ. ಈಗ ನನ್ನ ಮೇಜಿನ ಮೇಲೆ ಮುಗಿದು ನಿಂತಿರುವುದು ಜಪಾನಿನ ತಾಮಿಯಾ ಕಂಪನಿಯ ಕಿಟ್, 1966ರ ಮಾದರಿಯ ಫೋಕ್ಸ್‌ವ್ಯಾಗನ್ ಬೀಟಲ್. ಅನುಪಾತ 1:24. ನನ್ನ ಗಣಿತದ ತರಗತಿಯಲ್ಲಿ ಕೂತವರಿಗೆ ಇಷ್ಟು ಸಾಕು, ಉಳಿದವರಿಗಾಗಿ ಹೇಳುತ್ತೇನೆ. ನಿಜವಾದ ಕಾರಿನ ಉದ್ದ ಸುಮಾರು 4,070 ಮಿಲಿಮೀಟರ್. ಇಪ್ಪತ್ತನಾಲ್ಕರಿಂದ ಭಾಗಿಸಿದರೆ 170, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಮೇಲ್ಮೈ 576 ಪಟ್ಟು ಕುಗ್ಗುತ್ತದೆ, ಗಾತ್ರ 13,824 ಪಟ್ಟು. ವರ್ಗ ಮತ್ತು ಘನಗಳ ಈ ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ಮೂವತ್ತು ವರ್ಷ ಬರೆದೆ. ಅದು ಅಂಗೈಯಲ್ಲಿ ಕೂತದ್ದನ್ನು ಈಗ ನೋಡುತ್ತಿದ್ದೇನೆ.

ಬಣ್ಣದ ವಿಷಯಕ್ಕೆ ಬರೋಣ. ಇಲ್ಲಿಯೇ ಮನುಷ್ಯನ ಪರೀಕ್ಷೆ. ಮಾದರಿಯ ಮೇಲೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ ಬಣ್ಣ ಬಿತ್ತೆನ್ನಿ. ಅದೇ ಅನುಪಾತದಲ್ಲಿ ನಿಜವಾದ ಕಾರಿನ ಮೇಲೆ ಅದು 2.4 ಮಿಲಿಮೀಟರ್ ಆಗುತ್ತದೆ. ಕಾರಿಗೆ ಬಣ್ಣದ ಬದಲು ಗಾರೆ ಮೆತ್ತಿದಂತೆ! ಬಾಗಿಲಿನ ಸಂದುಗಳು ಮುಚ್ಚಿಹೋಗುತ್ತವೆ, ಅಂಚುಗಳು ಮೊಂಡಾಗುತ್ತವೆ. ಆದ್ದರಿಂದ ಒಂದೇ ಸಲಕ್ಕೆ ಸುರಿಯುವಂತಿಲ್ಲ. ತುಂಡುಗಳನ್ನು ಸಾಬೂನಿನ ನೀರಿನಲ್ಲಿ ತೊಳೆದು, ಅಚ್ಚಿನ ಎಣ್ಣೆಯ ಜಿಡ್ಡು ತೆಗೆದು, ಅಚ್ಚು ಕೂಡಿದ ಗೆರೆಯನ್ನು ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ಹಾಕಿ, ಅದರ ಮೇಲೆ ಮಂಜಿನಂತೆ ತೆಳುವಾದ ಪದರ, ಒಣಗಿದ ಮೇಲೆ ಮತ್ತೊಂದು, ಮಗದೊಂದು. ನಡುವೆ 1000, 2000 ನಂಬರಿನ ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಬೇಕು. ಜುಲೈ ತಿಂಗಳ ತುಮಕೂರಿನ ತೇವದ ಗಾಳಿಯಲ್ಲಿ ಲ್ಯಾಕರ್ ಸಿಂಪಡಿಸಿದಿರೋ, ಬಣ್ಣದ ಮೇಲೆ ಹಾಲಿನ ಕೆನೆಯಂತೆ ಬಿಳುಪು ಕೂರುತ್ತದೆ: ದ್ರಾವಕ ವೇಗವಾಗಿ ಆವಿಯಾಗುವಾಗ ಮೇಲ್ಮೈ ತಣಿದು ಗಾಳಿಯ ನೀರಾವಿ ಅಲ್ಲಿಯೇ ಸಾಂದ್ರೀಕರಿಸುತ್ತದೆ. ಎಂಟನೆಯ ತರಗತಿಯ ವಿಜ್ಞಾನ! ಬಿಸಿಲು ಬೀಳುವ ದಿನಕ್ಕಾಗಿ ಕಾಯಬೇಕು. ಎರಡು ವಾರ ಕಾದದ್ದೂ ಉಂಟು.

ಇದನ್ನು "ಮಕ್ಕಳಾಟ" ಎಂದವರು ಯಾವ ಮಕ್ಕಳನ್ನು ನೋಡಿದ್ದಾರೆ? ಇಂದಿನ ಮಕ್ಕಳಿಗೆ ಇದನ್ನು ಮಾಡಲು ನಾವು ಬಿಟ್ಟಿದ್ದೇವೆಯೇ? ನನ್ನ ಜಗಳದ ಮೂಲ ಇಲ್ಲಿದೆ.

ತುಮಕೂರಿನ ಅಂಗಡಿಯೊಂದರಲ್ಲಿ (ಹೆಸರು ಬೇಡ, ಅಂಥವು ಪ್ರತಿ ಊರಿನಲ್ಲೂ ಇವೆ) ಬಣ್ಣದ ಕುಂಚ ಕೊಳ್ಳಲು ಹೋದಾಗ ಕಪಾಟಿನ ತುಂಬ ಥರ್ಮೋಕೋಲಿನ ಮಾದರಿಗಳು ಸಾಲಾಗಿ ಕೂತಿದ್ದವು. 300 ರೂಪಾಯಿಗೆ ಜ್ವಾಲಾಮುಖಿ, 500ಕ್ಕೆ ಗಾಳಿಯಂತ್ರ, ಇನ್ನೂ ಸ್ವಲ್ಪ ಕೊಟ್ಟರೆ ಬಲ್ಬು ಹೊತ್ತಿಕೊಳ್ಳುವ ಸೌರವ್ಯೂಹ. ವಿಜ್ಞಾನ ವಸ್ತುಪ್ರದರ್ಶನದ ಹಿಂದಿನ ಸಂಜೆ ತಂದೆತಾಯಿ ಬಂದು ಒಯ್ಯುತ್ತಾರೆ. ಮಗು ಹೆಸರಿನ ಚೀಟಿ ಅಂಟಿಸುತ್ತದೆ. ಕೆಲವೊಮ್ಮೆ ಅದನ್ನೂ ಅಂಗಡಿಯವರೇ ಅಂಟಿಸಿಕೊಡುತ್ತಾರೆ. ಮೇಷ್ಟ್ರಿಗೂ ಗೊತ್ತು, ತೀರ್ಪುಗಾರರಿಗೂ ಗೊತ್ತು. ಆದರೂ ಬಹುಮಾನ ಹಂಚಲಾಗುತ್ತದೆ, ಛಾಯಾಚಿತ್ರ ತೆಗೆಯಲಾಗುತ್ತದೆ. ಹನ್ನೆರಡು ವರ್ಷದ ಮಗುವಿಗೆ ಶಾಲೆಯ ಅಂಗಳದಲ್ಲಿ, ಹಿರಿಯರೆಲ್ಲರ ಸಮಕ್ಷಮ, ಸುಳ್ಳು ಹೇಳಲು ನಾವು ಕೊಡುವ ತರಬೇತಿ ಇದು. ಅಂಗಡಿಯವನನ್ನು ನಾನು ದೂರುವುದಿಲ್ಲ. ಬೇಡಿಕೆಯಿದ್ದಲ್ಲಿ ಸರಕು ಬರುತ್ತದೆ. ಚೀಟಿಯನ್ನು ಓದಿ ತಲೆದೂಗಿದ ನನ್ನ ವೃತ್ತಿಬಾಂಧವರನ್ನು ದೂರುತ್ತೇನೆ.

(ಒಂದು ತಮಾಷೆ: ಥರ್ಮೋಕೋಲೂ ನನ್ನ ಕಿಟ್ಟೂ ರಾಸಾಯನಿಕವಾಗಿ ಒಂದೇ ವಸ್ತು, ಪಾಲಿಸ್ಟೈರೀನ್. ಒಂದರಲ್ಲಿ ಗಾಳಿ ತುಂಬಿದೆ, ಇನ್ನೊಂದು ಗಟ್ಟಿ. ನಾನು ಬಳಸುವ ದ್ರವರೂಪದ ಅಂಟು ಪ್ಲಾಸ್ಟಿಕ್ಕನ್ನು ಕೊಂಚ ಕರಗಿಸಿ ಎರಡು ತುಂಡುಗಳನ್ನು ಒಂದಾಗಿ ಬೆಸೆಯುತ್ತದೆ. ಅದೇ ಅಂಟಿನ ನಾಲ್ಕು ಹನಿ ಅಂಗಡಿಯ ಜ್ವಾಲಾಮುಖಿಯ ಮೇಲೆ ಬಿದ್ದರೆ ಮಾತ್ರ ಅದಕ್ಕೆ ನಿಜವಾದ ಬಾಯಿ ತೆರೆಯುತ್ತದೆ.)

ಹೀಗೆಂದು ಎಲ್ಲವೂ ಹಿಂದೆ ಚೆನ್ನಾಗಿತ್ತೆಂದು ಹೇಳುವ ಮುದುಕನ ರಾಗ ಹಾಡಲಾರೆ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸಬಿನ ಮೂಲಕ ಶಿಕ್ಷಣವೆಂದರು. 1952–53ರ ಮುದಲಿಯಾರ್ ಆಯೋಗ ಬಹೂದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯ ನಡುವೆ ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರರ ಬಳಿ ಮಕ್ಕಳನ್ನು ಕಳಿಸಿರೆಂದು ಬರೆಯಿತು. ಕಾಗದದ ಮೇಲೆ ಕೈಕೆಲಸಕ್ಕೆ ಎಂದೂ ಕೊರತೆಯಿರಲಿಲ್ಲ. ವೇಳಾಪಟ್ಟಿಯಲ್ಲಿ ಆ ಅವಧಿಯನ್ನು ಕಿತ್ತು ಗಣಿತಕ್ಕೂ ಇಂಗ್ಲಿಷಿಗೂ ಕೊಟ್ಟವರು ಯಾವ ಸಮಿತಿಯವರೂ ಅಲ್ಲ. ಪರೀಕ್ಷೆಯ ಫಲಿತಾಂಶದ ಶೇಕಡಾವಾರಿಗೆ ಹೆದರಿದ ಶಾಲೆಗಳು, ಆ ಶೇಕಡಾವಾರನ್ನೇ ಕೇಳಿದ ಪೋಷಕರು. ಹತ್ತು ದಿನವಂತೆ! ನನ್ನ ಬೀಟಲ್ಲಿನ ಬಣ್ಣ ಒಣಗಲಿಕ್ಕೇ ಅದಕ್ಕಿಂತ ಹೆಚ್ಚು ದಿನ ಹಿಡಿಯಿತು.

ಗುಬ್ಬಿಯ ಕಡೆ ನಾವು ಬೆಳೆದ ಕಾಲದಲ್ಲಿ ಯಾರೂ ನಮಗೆ ಕೈಕೆಲಸ ಕಲಿಸಲಿಲ್ಲ, ಬೇಕಾಗಿಯೂ ಇರಲಿಲ್ಲ. ಜೋಳದ ದಂಟಿನ ಬೆಂಡಿನಿಂದ ಗಾಡಿ, ಅದಕ್ಕೆ ಸಿಬಿರಿನ ಅಚ್ಚುಗೋಲು. ಚನ್ನಬಸವೇಶ್ವರ ಜಾತ್ರೆಯ ತೇರು ನೋಡಿ ಬಂದ ಮರುವಾರ ಬೀದಿಬೀದಿಯಲ್ಲಿ ರಟ್ಟಿನ ಪುಟ್ಟ ತೇರುಗಳು, ಕಳಸಕ್ಕೆ ಅಡಿಕೆಕಾಯಿ. ಪ್ರಮಾಣಬದ್ಧ ಮಾದರಿಯೆಂದರೆ ಇದೇ ಅಲ್ಲವೇ? ಚಕ್ರ ದೊಡ್ಡದಾದರೆ "ತೇರು ಕುಂಟುತ್ತೆ ಕಣೋ" ಎಂದು ಜೊತೆಯವರು ಹಂಗಿಸುತ್ತಿದ್ದರು. ಅನುಪಾತದ ಪಾಠ ಅಲ್ಲಿಯೇ ಆಯಿತು. ಹಡಗಿನಲ್ಲಿ ಕೆಲಸಕ್ಕಿದ್ದ ಬಂಧುವೊಬ್ಬರು ಒಮ್ಮೆ ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಯ ಮೋರಿಸ್ ಮೈನರ್ ಕಿಟ್ ತಂದುಕೊಟ್ಟರು. ಅದೇ ಮೊದಲನೆಯದು, ಐವತ್ತು ವರ್ಷಗಳ ಮಟ್ಟಿಗೆ ಕಡೆಯದೂ ಹೌದು. ಏರ್‌ಫಿಕ್ಸಿನ ಮೊದಲ ಕಿಟ್ 1949ರ ಫರ್ಗುಸನ್ ಟ್ರ್ಯಾಕ್ಟರ್ ಎಂಬುದು, ತಾಮಿಯಾ 1946ರಲ್ಲಿ ಮರ ಕೊಯ್ಯುವ ಕಂಪನಿಯಾಗಿ ಶಿಜುಒಕದಲ್ಲಿ ಹುಟ್ಟಿತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಟ್ರ್ಯಾಕ್ಟರು, ಮರದ ಕೊರಡು: ಇವು ನಮ್ಮ ತಾಲ್ಲೂಕಿಗೆ ಅಪರಿಚಿತ ವಸ್ತುಗಳೇ?

"ಯಾರೋ ಜಪಾನಿನವರು ಮಾಡಿಟ್ಟ ತುಂಡುಗಳನ್ನು ಅಂಟಿಸುವುದರಲ್ಲಿ ಸ್ವಂತಿಕೆ ಏನಿದೆ?" ಎಂದು ಸಾಹಿತ್ಯಾಸಕ್ತ ಬಂಧುವೊಬ್ಬರು ಕೇಳಿದ್ದಾರೆ. ಗೌರವದಿಂದಲೇ ಕೇಳುತ್ತೇನೆ: 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಸಂಘದ ನಟರು ತಮ್ಮ ಮಾತುಗಳನ್ನು ತಾವೇ ಬರೆದುಕೊಳ್ಳುತ್ತಿದ್ದರೇ? ಬೇರೆಯವರ ಮಾತು, ಬೇರೆಯವರ ರಾಗ. ಆದರೂ ಗುಬ್ಬಿ ವೀರಣ್ಣನವರು ರಂಗಕ್ಕೆ ಬಂದರೆಂದರೆ ಅದು ವೀರಣ್ಣನವರೇ. ಅಲ್ಲದೆ ಪರದೆ ಬರೆಯುವ ಕಲಾವಿದರಿಗೆ ತಿಳಿದಿದ್ದ ಗುಟ್ಟೇ ನನ್ನ ಮೇಜಿನ ಮೇಲೂ ನಡೆಯುವುದು: ದೂರದಿಂದ ನಿಜವೆನಿಸಬೇಕಾದ ನೆರಳನ್ನು ಹತ್ತಿರದಿಂದ ಬಣ್ಣದಲ್ಲಿ ಇಡಬೇಕು. ಹೊಸ ಕಾರಿನ ಹೊಳಪು ಸುಲಭ. ಮಳೆಗಾಲದಲ್ಲಿ ಕುಣಿಗಲ್ ರಸ್ತೆಯಲ್ಲಿ ಓಡಿ ಬಂದ ಕಾರಿನ ಮಡ್‌ಗಾರ್ಡಿನ ಕೆಂಪು ರಾಡಿಯನ್ನು ಬರೆಯಲು ರಸ್ತೆಯನ್ನೂ ಮಳೆಯನ್ನೂ ನೋಡಿರಬೇಕು. ಅದನ್ನು ಜಪಾನಿನವರು ಪೆಟ್ಟಿಗೆಯಲ್ಲಿ ಇಟ್ಟು ಕಳಿಸುವುದಿಲ್ಲ.

ಇನ್ನು "ಉಪಯೋಗವೇನು?" ಎಂಬ ಪ್ರಶ್ನೆ. ಕೇಳುವವರು ತುಮಕೂರಿನವರೇ ಆಗಿರುವುದು ನನಗೆ ಸೋಜಿಗ. ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆಯಲ್ಲಿ ದುಡಿದ ತಂದೆತಾಯಂದಿರ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ. ಸಾಸಿವೆಗಿಂತ ಚಿಕ್ಕ ತಿರುಪುಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದ ಆ ಕೈಗಳು ಈ ಊರಿನ ಆಸ್ತಿಯಾಗಿದ್ದವು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ಕೈಗಡಿಯಾರದ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ನಾನೀಗ ಬಳಸುವ ಚಿಮಟ ಅಲ್ಲಿಂದ ನಿವೃತ್ತರಾದ ಗೆಳೆಯರದು. ಹಿಡಿಯುವ ಬಗೆಯನ್ನೂ ಅವರೇ ತೋರಿಸಿಕೊಟ್ಟರು. ಅದೇ 2016ರ ಜನವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆಯಾಯಿತು. 615 ಎಕರೆಯಲ್ಲಿ ಕಟ್ಟಿದ ಅದರ ಉದ್ಘಾಟನೆ 2023ರ ಫೆಬ್ರುವರಿ 6ರಂದು. ಹೆಲಿಕಾಪ್ಟರು ಏಳುವ ನೆಲದ ಮಕ್ಕಳು ಥರ್ಮೋಕೋಲಿನ ಹೆಲಿಕಾಪ್ಟರನ್ನು ಅಂಗಡಿಯಿಂದ ತರುವುದಾದರೆ, ಆ ಕಾರ್ಖಾನೆಯೊಳಗೆ ಕೆಲಸ ಮಾಡುವವರು ಎಲ್ಲಿಂದ ಬರಬೇಕು? ನಮ್ಮ ಮಕ್ಕಳು ಗೇಟಿನ ಹೊರಗೆ ಚಹಾ ಮಾರಬೇಕೇ? ಅದೇ ಎಚ್‌ಎಎಲ್ ಮಾರುತ್ ಯುದ್ಧವಿಮಾನವನ್ನು 1961ರಲ್ಲಿ ಹಾರಿಸುವ ಮುನ್ನ, 1959ರಲ್ಲಿ ಅದೇ ಆಕಾರದ ಎಂಜಿನ್ ಇಲ್ಲದ ಮರದ ಗ್ಲೈಡರ್ ಕಟ್ಟಿ ಬೆಂಗಳೂರಿನ ಆಕಾಶದಲ್ಲಿ ಪರೀಕ್ಷಿಸಿತ್ತು. ಮಾದರಿ ಕಟ್ಟುವುದು ಬಾಲಿಶವೆನ್ನುವವರು ಅದನ್ನೂ ಆಟಿಕೆ ಎನ್ನಲಿ.

ಸರ್ಕಾರವೂ ಇದನ್ನು ಆಟಿಕೆ ಎಂದೇ ಬಗೆದಿದೆ. ಸುಂಕದ ಪಟ್ಟಿಯ 9503ನೇ ಶೀರ್ಷಿಕೆಯಲ್ಲಿ ಮೂರು ಗಾಲಿಯ ಸೈಕಲ್ಲು, ಬೊಂಬೆ, ಪ್ರಮಾಣಬದ್ಧ ಮಾದರಿ ಎಲ್ಲವೂ ಒಟ್ಟಿಗಿವೆ. 2020ರ ಬಜೆಟ್ಟಿನಲ್ಲಿ ಆಮದು ಸುಂಕ ಶೇಕಡಾ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಅಗ್ಗದ ಆಮದಿನಿಂದ ಚನ್ನಪಟ್ಟಣದ ಕುಶಲಕರ್ಮಿಯನ್ನು ಕಾಪಾಡಲು ಇದು ಬೇಕೆಂದರೆ ಒಪ್ಪುತ್ತೇನೆ. ತಿರುಗುವ ಆಲೆಮರದ ಮೇಲೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಬಿಸಿಯಲ್ಲೇ ಬಣ್ಣ ಕರಗಿಸಿ ಹೊಳಪು ತರುವ ಆ ವಿದ್ಯೆಯ ಮುಂದೆ ನನ್ನ ಸಿಂಪರಣೆ ಏನೇನೂ ಅಲ್ಲ. ಆದರೆ ಅವರ ಬುಗುರಿಗೂ ನನ್ನ ಬೀಟಲ್ಲಿಗೂ ಸ್ಪರ್ಧೆ ಎಲ್ಲಿದೆ? 2021ರ ಜನವರಿಯಿಂದ ಜಾರಿಯಾದ ಆಟಿಕೆಗಳ ಗುಣಮಟ್ಟದ ಆದೇಶ ಹದಿನಾಲ್ಕು ವರ್ಷದೊಳಗಿನ ಮಕ್ಕಳ ವಸ್ತುವನ್ನಷ್ಟೇ ಆಟಿಕೆ ಎನ್ನುತ್ತದೆ. ಒಂದು ಇಲಾಖೆಗೆ ಮಗುವಿಗೂ ಮುದುಕನಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ, ಇನ್ನೊಂದಕ್ಕೆ ತಿಳಿಯುವುದಿಲ್ಲ.

ಹಾಗಾದರೆ ಇದು ಹಣವಂತರ ಹವ್ಯಾಸವೇ? ಕಿಟ್ ಮಟ್ಟಿಗೆ ಹೌದು. ನನ್ನ ಪಿಂಚಣಿಗೂ ವರ್ಷಕ್ಕೆ ಎರಡೇ. ಆದರೆ ರಟ್ಟು, ಅಡಿಕೆ ಹಾಳೆ, ತೆಂಗಿನ ಸಿಬಿರು, ಒಂದು ಅಳತೆಪಟ್ಟಿ ಇದ್ದರೆ 1:24 ಆಗುತ್ತದೆ. ಶಿಕ್ಷಕವೃತ್ತಿಯಲ್ಲಿರುವ ನನ್ನ ವಿದ್ಯಾರ್ಥಿಗಳು ಗುಬ್ಬಿ, ಕುಣಿಗಲ್ಲುಗಳಲ್ಲಿ ಹಲವರಿದ್ದೀರಿ. ಮುಂದಿನ ವಸ್ತುಪ್ರದರ್ಶನದಲ್ಲಿ ಒಂದೇ ನಿಯಮ ಮಾಡಿ: ಮಾದರಿಯನ್ನು ಶಾಲೆಯಲ್ಲೇ, ನಿಮ್ಮ ಕಣ್ಣೆದುರು ಕಟ್ಟಬೇಕು. ಸೊಟ್ಟಗಾಗಲಿ, ಚಕ್ರ ತಿರುಗದಿರಲಿ, ಮುಖ್ಯೋಪಾಧ್ಯಾಯರು ಮುಖ ಗಂಟಿಕ್ಕಲಿ. ಪೋಷಕರು ಜಗಳಕ್ಕೆ ಬಂದರೆ ನನ್ನ ಬಳಿ ಕಳಿಸಿ.

ಸದ್ಯ ಮೇಜಿನ ಮೇಲೆ ಪೆಟ್ಟಿಗೆಯಿಲ್ಲದ ಕೆಲಸವೊಂದು ಶುರುವಾಗಿದೆ. ಬರಿಯ ಪ್ಲಾಸ್ಟಿಕ್ ಹಾಳೆಯಿಂದ ಅಂಬಾಸಡರ್ ಕಟ್ಟುತ್ತಿದ್ದೇನೆ. 2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಿಕೆ ನಿಂತುಹೋದ ಅದೇ ಕಾರು. ಉದ್ದ 4,325 ಮಿಲಿಮೀಟರ್, ನನ್ನ ಲೆಕ್ಕದಲ್ಲಿ 180. ಮುಂಭಾಗದ ಬಾನೆಟ್ಟಿನ ಉಬ್ಬು ಒಂದು ಮಟ್ಟಿಗೆ ಬಂದಿದೆ, ಹಿಂಬದಿಯ ಡಿಕ್ಕಿಯ ಇಳಿಜಾರು ಮಾತ್ರ ಛಾಯಾಚಿತ್ರ ನೋಡಿ ಸಿಗುತ್ತಿಲ್ಲ. ನಿಮ್ಮಲ್ಲಿ ಯಾರ ಮನೆಯ ಹಿತ್ತಲಲ್ಲಾದರೂ, ತೋಟದ ಶೆಡ್ಡಿನಲ್ಲಾದರೂ ಹಳೆಯ ಅಂಬಾಸಡರ್ ನಿಂತಿದ್ದರೆ, ಹಿಂಬದಿಯ ಗಾಜಿನ ಕೆಳ ಅಂಚಿನಿಂದ ಬಂಪರಿನವರೆಗೆ ಟೇಪು ಹಿಡಿದು ಅಳೆದು ತಿಳಿಸಿ. ಇಂಚಿನಲ್ಲಿ ಬೇಡ, ಮಿಲಿಮೀಟರಿನಲ್ಲಿ.