ಹಕ್ಕಿ ನೋಡುವವರು ತೋಟಕ್ಕೆ ಬರಲಿ

ಶಿವರಾತ್ರಿಯ ಆಸುಪಾಸಿನಲ್ಲಿ ಒಂದೆರಡು ಹೂಮಳೆ ಬಿದ್ದಿತೆಂದರೆ ವಯನಾಡಿನ ಕಾಫಿ ತೋಟಗಳು ಬೆಳ್ಳಗೆ ಅರಳಿ ನಿಲ್ಲುತ್ತವೆ. ಬೂರುಗ, ಹಾಲುವಾಣಗಳ ಕೆಂಪು ಹೂವಿಗೆ ಗೊರವಂಕ, ಪಿಕಳಾರ, ಭೀಮರಾಜಗಳು ಮುತ್ತಿಕೊಳ್ಳುತ್ತವೆ. ಕುಟ್ರು ಹಕ್ಕಿಯ ಕೂಗು ಬೆಳಗಿನಿಂದ ಬೈಗಿನವರೆಗೂ ನಿಲ್ಲುವುದಿಲ್ಲ. ಇದೇ ಕಾಲಕ್ಕೆ ದುರ್ಬೀನು, ಕ್ಯಾಮರಾ ಹಿಡಿದ ಪಟ್ಟಣದ ಜನರೂ ಬರುತ್ತಾರೆ. ಹಕ್ಕಿ ಎಣಿಕೆ, ಪಕ್ಷಿವೀಕ್ಷಣೆಯ ಶಿಬಿರ, ಶಾಲಾಮಕ್ಕಳ ಪ್ರವಾಸ ಎಂದು ಕಾರ್ಯಕ್ರಮಗಳು ನಡೆಯುತ್ತವೆ. ಜನ ಬರುವುದು ಸಂತೋಷದ ಮಾತೇ. ಆದರೆ ಬಂದವರನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬುದು ರೈತರಾದ ನಾವೂ ಯೋಚಿಸತಕ್ಕ ವಿಷಯ. ಎಲ್ಲರನ್ನೂ ಕಾಡಿನ ಬಾಗಿಲಲ್ಲಿ ಸಾಲುಗಟ್ಟಿಸುವ ಬದಲು ತೋಟ, ಗದ್ದೆಗಳ ಕಡೆಗೆ ತಿರುಗಿಸುವುದು ಲೇಸೆಂದು ನಮ್ಮ ಅಭಿಪ್ರಾಯ.

ವಯನಾಡು ವನ್ಯಜೀವಿ ಧಾಮ ಸ್ಥಾಪನೆಯಾದುದು 1973ರಲ್ಲಿ. ವಿಸ್ತೀರ್ಣ ಸುಮಾರು 344 ಚದರ ಕಿಲೋಮೀಟರು. ಗುಂಡ್ಲುಪೇಟೆಯ ದಾರಿಯಾಗಿ ಹೋದರೆ ಮುತ್ತಂಗ, ಕೊಡಗಿನ ಕುಟ್ಟದಿಂದ ಹೋದರೆ ತೋಲ್ಪೆಟ್ಟಿ. ಪ್ರವಾಸಿಗರು ಒಳಹೋಗುವುದು ಈ ಎರಡು ಕಡೆಗಳಿಂದ. ಮುತ್ತಂಗದ ಕಾಡು ಬಂಡೀಪುರಕ್ಕೂ ತಮಿಳುನಾಡಿನ ಮುದುಮಲೆಗೂ ತಾಗಿಕೊಂಡಿದೆ. ತೋಲ್ಪೆಟ್ಟಿಯ ಕಾಡು ನಾಗರಹೊಳೆಗೆ ತಾಗಿಕೊಂಡಿದೆ. ರಾಜ್ಯಗಳ ಗಡಿಗಲ್ಲು ನಮಗೆ ಉಂಟೇ ಹೊರತು ಆನೆಗೂ ಹಕ್ಕಿಗೂ ಇಲ್ಲ. ಬೇಸಗೆಯಲ್ಲಿ ಬಂಡೀಪುರದ ಕೆರೆಗಳು ಬತ್ತಿದಾಗ ಆನೆ, ಕಾಟಿಗಳು ನೀರು ಮೇವು ಹುಡುಕಿಕೊಂಡು ವಯನಾಡಿನ ಹಡ್ಲುಗಳಿಗೆ ಇಳಿಯುತ್ತವೆ. ಅಂದರೆ ಪ್ರವಾಸಿಗರು ಬಯಸುವ ಕಾಲವೂ, ಕಾಡಿಗೆ ಅತ್ಯಂತ ಕಷ್ಟದ ಕಾಲವೂ ಒಂದೇ. ಕಾಳ್ಗಿಚ್ಚಿನ ಭಯ ಹೆಚ್ಚಿದ ವರ್ಷಗಳಲ್ಲಿ ಅರಣ್ಯ ಇಲಾಖೆಯವರು ಪ್ರವೇಶವನ್ನೇ ತಡೆಯುವುದುಂಟು. 2024ರ ಫೆಬ್ರವರಿಯಲ್ಲಿ ಆನೆಯ ದಾಳಿಗೆ ಜನರು ಬಲಿಯಾದ ಮೇಲೆ ಕಾಡಿನ ಪ್ರವಾಸ ತಾಣಗಳನ್ನು ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಕಾಡಿನ ಬಾಗಿಲೊಂದನ್ನೇ ನಂಬಿದ ಜೀಪಿನವರು, ಅಂಗಡಿಯವರು, ದಾರಿ ತೋರಿಸುವ ಹುಡುಗರು ಆಗ ಕೈಕಟ್ಟಿ ಕುಳಿತರು.

ಹಕ್ಕಿಗಳ ಕಡೆಯಿಂದಲೂ ಇದನ್ನು ನೋಡಬೇಕು. ವಸಂತವೆಂದರೆ ಅವುಗಳಿಗೆ ಸಂಸಾರದ ಕಾಲ. ಮಂಗಟ್ಟೆ ಹಕ್ಕಿಯ ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಹೊಕ್ಕು, ಕೊಕ್ಕು ಚಾಚುವಷ್ಟು ಸೀಳು ಮಾತ್ರ ಉಳಿಸಿಕೊಂಡು ಬಾಗಿಲು ಮುಚ್ಚಿಕೊಳ್ಳುತ್ತದೆ. ಮೊಟ್ಟೆ ಒಡೆದು ಮರಿ ಬಲಿಯುವವರೆಗೆ ಗಂಡು ಅತ್ತಿ, ಗೋಳಿಗಳ ಹಣ್ಣು ತಂದು ತಿನ್ನಿಸಬೇಕು. ಮರದ ಕೆಳಗೆ ಹತ್ತು ಜನ ಗುಂಪುಗೂಡಿ ನಿಂತರೆ ಗಂಡು ಹತ್ತಿರ ಬರಲು ಅಂಜುತ್ತದೆ. ಒಳಗಿರುವ ತಾಯಿಮರಿಗಳಿಗೆ ಉಪವಾಸವೇ ಗತಿ. ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ಬಂದ ನವರಂಗ, ಬೂದು ಸಿಪಿಲೆ, ಎಲೆ ಉಲಿಯಕ್ಕಿಗಳು ಈಗ ಹಿಂದಿರುಗುವ ದಾರಿಗೆ ಹುಳುಹುಪ್ಪಟೆ ತಿಂದು ಮೈಗೆ ಕೊಬ್ಬು ಕೂಡಿಸಿಕೊಳ್ಳಬೇಕು. ಅಂಥ ಹೊತ್ತಿನಲ್ಲಿ ಮೊಬೈಲಿನಿಂದ ಹಕ್ಕಿಯ ಕೂಗು ನುಡಿಸಿ ಅದನ್ನು ಹೊರಗೆಳೆದು ಚಿತ್ರ ತೆಗೆಯುವುದು, ಉಣ್ಣುವವನನ್ನು ಎಬ್ಬಿಸಿ ಓಡಿಸಿದ ಹಾಗೆ.

ಹಾಗಾದರೆ ಹಕ್ಕಿ ನೋಡುವುದನ್ನೇ ಬಿಡಬೇಕೇ? ಬೇಕಾಗಿಲ್ಲ. ಹಕ್ಕಿ ಕಾಡಿನಲ್ಲಿ ಮಾತ್ರ ಇರುವುದೆಂಬ ತಪ್ಪು ತಿಳಿವಳಿಕೆಯನ್ನು ಬಿಟ್ಟರೆ ಸಾಕು. 2015ರಿಂದ 2020ರವರೆಗೆ ಕೇರಳದಲ್ಲಿ ಇಡೀ ರಾಜ್ಯವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಿ ಹಕ್ಕಿಗಳ ನಕಾಶೆ ತಯಾರಿಸಿದರು. ಸಾವಿರದಷ್ಟು ಸ್ವಯಂಸೇವಕರು ಕಾಡು, ಗದ್ದೆ, ತೋಟ, ಪೇಟೆಯೆನ್ನದೆ ಆಯ್ದ ಚೌಕಗಳಲ್ಲಿ ನಡೆದು 361 ಜಾತಿಗಳನ್ನು ದಾಖಲಿಸಿದರು. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದಾದ್ಯಂತ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆಗೆ ಹದಿನೈದು ನಿಮಿಷ ಬಿಡುವು ಮಾಡಿಕೊಂಡರೆ ಸಾಕು. ಮನೆಯ ಅಂಗಳವೂ ಆದೀತು. ಇದಕ್ಕೆ ಜೀಪೂ ಬೇಡ, ಟಿಕೇಟೂ ಬೇಡ.

ಕಾಫಿ ತೋಟದ ಮಾತನ್ನು ವಿಶೇಷವಾಗಿ ಹೇಳಬೇಕು. ಚಿಕ್ಕಮಗಳೂರು, ಹಾಸನ, ಕೊಡಗುಗಳ ತೋಟಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಾಡನ್ನು ನೆಚ್ಚಿ ಬದುಕುವ 79 ಜಾತಿಯ ಹಕ್ಕಿಗಳು ನೆರಳಿನ ಕಾಫಿ ತೋಟಗಳಲ್ಲಿ ಕಂಡುಬಂದವು. ವಯನಾಡು ಕೇರಳದ ಮುಖ್ಯ ಕಾಫಿ ಜಿಲ್ಲೆ. ಅತ್ತಿ, ಹಲಸು, ನಂದಿಯಂತಹ ನಾಡಮರಗಳು ನಿಂತಿರುವ ತೋಟ ಹಕ್ಕಿಗೆ ಅರ್ಧ ಕಾಡೇ ಸರಿ. ಇಂಥ ಮರ ಕಡಿದು ಸಾಲಾಗಿ ಸಿಲ್ವರ್ ಓಕ್ ನೆಟ್ಟ ತೋಟದಲ್ಲಿ ಹಣ್ಣು ತಿನ್ನುವ ಹಕ್ಕಿಗೆ ಏನು ಸಿಕ್ಕೀತು? ಆದರೆ ರೈತನನ್ನು ದೂರಿ ಪ್ರಯೋಜನವಿಲ್ಲ. ಸಿಲ್ವರ್ ಓಕ್ ಕಡಿದು ಮಾರಿದರೆ ಕೈಗೆ ಕಾಸು ಬರುತ್ತದೆ. ಗೋಳಿಮರ ನಿಂತರೆ ಏನು ಬರುತ್ತದೆ ಎಂದು ಅವನು ಕೇಳುವುದು ನ್ಯಾಯವೇ. ಹಕ್ಕಿ ನೋಡಲು ಬರುವವನು ಆ ಗೋಳಿಮರದ ನೆರಳಿಗೆ ನಾಲ್ಕು ಕಾಸು ಕೊಟ್ಟರೆ ಆ ಪ್ರಶ್ನೆಗೆ ಅಷ್ಟಾದರೂ ಉತ್ತರ ದೊರೆಯುತ್ತದೆ. ನಮ್ಮ ವಾದದ ತಿರುಳು ಇಷ್ಟೇ.

ಹಕ್ಕಿಯಿಂದ ಬೇರೆ ಉಪಕಾರವೂ ಉಂಟು. ಕಾಫಿಯ ಕಾಯಿಕೊರಕ ಭಾರತದಲ್ಲಿ ಮೊದಲು ಕಾಣಿಸಿಕೊಂಡುದು 1990ರಲ್ಲಿ, ವಯನಾಡಿನ ನೆರೆಯ ಗೂಡಲೂರಿನಲ್ಲಿ. ಕೋಸ್ಟರಿಕ ದೇಶದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕೀಟ ತಿನ್ನುವ ಹಕ್ಕಿಗಳು ಬರುವ ಗಿಡಗಳಲ್ಲಿ ಈ ಹುಳದ ಬಾಧೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ನಮ್ಮ ತೋಟಗಳಲ್ಲಿ ಲೆಕ್ಕ ಅಷ್ಟೇ ಬರಬೇಕೆಂದಿಲ್ಲ. ಆದರೂ ಕೂಲಿ ಕೇಳದೆ ದುಡಿಯುವ ಆಳನ್ನು ಯಾವ ಬೇಸಾಯಗಾರನೂ ಓಡಿಸಲಾರನು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ನವಿಲು ಬಿತ್ತಿದ ಕಾಳು ಹೆಕ್ಕುತ್ತದೆ, ಗಿಳಿಗಳು ಭತ್ತದ ತೆನೆ ಕಡಿಯುತ್ತವೆ. ಹಕ್ಕಿಯೆಲ್ಲ ರೈತನ ಮಿತ್ರನೆಂದು ಹೇಳಲಾಗದು. ಹೂಬಿಟ್ಟ ಗಿಡಗಳ ನಡುವೆ ಅಪರಿಚಿತರು ನುಗ್ಗಿದರೆ ನಷ್ಟವೂ ಆದೀತು. ಕಾಡಂಚಿನ ತೋಟಕ್ಕೆ ಆನೆ ಬರುವ ಭಯ ಇದ್ದೇ ಇದೆ. ಇನ್ನು ಬಾಣಾಸುರ ಬೆಟ್ಟದ ಚಿಲಪ್ಪನ್ ಹಕ್ಕಿಯಂತಹ ಕೆಲವು, ವಯನಾಡು ಕೊಡಗುಗಳ ಎತ್ತರದ ಶೋಲಾ ಕಾಡುಗಳನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲೂ ಇಲ್ಲ. ಅವು ತೋಟಕ್ಕೆ ಇಳಿಯುವುದೂ ಇಲ್ಲ. ಅಳಿವಿನ ಅಂಚಿನಲ್ಲಿರುವ ಅಂಥ ಹಕ್ಕಿಯನ್ನು ಎಲ್ಲರೂ ಕಣ್ಣಾರೆ ಕಾಣಲೇಬೇಕೆಂಬ ಹಟವನ್ನು ಬಿಡುವುದೇ ಅದಕ್ಕೆ ಮಾಡಬಹುದಾದ ಉಪಕಾರ.

ಆದುದರಿಂದ ಕೆಲವು ಕಟ್ಟುಪಾಡುಗಳು ಅವಶ್ಯ. ಒಂದು ಗುಂಪಿನಲ್ಲಿ ಹತ್ತು ಮಂದಿಗಿಂತ ಹೆಚ್ಚು ಬೇಡ. ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಟು, ಬಿಸಿಲೇರುವ ಮೊದಲು ಮರಳಬೇಕು. ಆನೆ ಬಂದ ಸುದ್ದಿ ಇದ್ದ ದಿನ ಹೊರಡಲೇ ಬಾರದು. ನಡೆಯುವುದು ತೋಟದ ದಾರಿಯಲ್ಲಿ, ಗದ್ದೆಯ ಬದುವಿನಲ್ಲಿ ಮಾತ್ರ. ಕೂಗು ನುಡಿಸುವುದು, ಗೂಡಿನ ಬಳಿ ನಿಲ್ಲುವುದು ಕೂಡದು. ದಾರಿ ತೋರಿಸುವ ಕೆಲಸಕ್ಕೆ ಕಾಡನ್ನು ಬಲ್ಲ ಕಾಟ್ಟುನಾಯಕ, ಕುರುಮ ಹುಡುಗ ಹುಡುಗಿಯರನ್ನು ಕರೆದು ಸರಿಯಾದ ಸಂಬಳ ಕೊಡಬೇಕು. ಯಾವ ಮರದಲ್ಲಿ ಯಾವ ತಿಂಗಳು ಹಣ್ಣಾಗುವುದೆಂದು ಅವರಷ್ಟು ತಿಳಿದವರು ಇಲ್ಲ. ತೋಟದ ಯಜಮಾನನಿಗೆ ತಲೆಗಿಷ್ಟೆಂದು ಮೊದಲೇ ಗೊತ್ತುಮಾಡಿದ ಹಣ ಸಲ್ಲಬೇಕು. ಬಂದವರಿಗೆ ಗಂಧಕಸಾಲೆ ಅಕ್ಕಿಯ ಊಟ ಬಡಿಸಿ, ಮನೆಯ ಕಾಫಿಪುಡಿ, ಕಾಳುಮೆಣಸು ಮಾರಿದರೆ ದಲ್ಲಾಳಿಯಿಲ್ಲದೆ ಕೈಗೆ ಹಣ ಬರುತ್ತದೆ. ಊರಿನ ಸಹಕಾರಿ ಸಂಘ ಮನಸ್ಸು ಮಾಡಿದರೆ ಇದು ಕಷ್ಟವಲ್ಲ.

ಈ ಮಾತು ವಯನಾಡಿಗೆ ಮಾತ್ರ ಸಲ್ಲುವುದಲ್ಲ. ಕಾಸರಗೋಡಿನ ಅಡಕೆ ತೋಟ, ಗುಂಡ್ಲುಪೇಟೆಯ ಹೊಲ, ಕೊಡಗಿನ ಏಲಕ್ಕಿ ಮಲೆ ಎಲ್ಲಕ್ಕೂ ಸಲ್ಲುತ್ತದೆ. ಬೇಸಗೆಯ ಎರಡು ಮೂರು ತಿಂಗಳು ಕಾಡಿಗೆ ಬಿಡುವು ಕೊಟ್ಟು, ಆ ಕಾಲದ ಶಿಬಿರ, ಎಣಿಕೆಗಳನ್ನು ಊರುಗಳಲ್ಲಿ ನಡೆಸುವಂತೆ ಎರಡು ರಾಜ್ಯಗಳ ಅರಣ್ಯ ಇಲಾಖೆಯವರೂ ಪಂಚಾಯತಿಗಳೂ ಕೂಡಿ ಏರ್ಪಾಡು ಮಾಡಬೇಕು. ರೈತ ಬಾಂಧವರು ಅಷ್ಟರವರೆಗೆ ಕಾಯಬೇಕಾಗಿಲ್ಲ. ಈ ಸಲ ನೆರಳು ಕಡಿಸುವಾಗ ಹಣ್ಣು ಬಿಡುವ ಒಂದು ಮರವನ್ನೂ, ಪೊಟರೆಯಿರುವ ಒಂದು ಮುದಿಮರವನ್ನೂ ಉಳಿಸಿಕೊಳ್ಳಲಿ. ಮರ ನಿಂತರೆ ಹಕ್ಕಿ ಬರುತ್ತದೆ. ಹಕ್ಕಿ ಬಂದರೆ ನೋಡುವವರೂ ಬರುತ್ತಾರೆ.